ಜಂಬದ ಇಟ್ಟಿಗೆ

ಪುತ್ತಿಗೆಯ ಪೂವಪ್ಪನನ್ನು ಊರವರು ಜಂಬದ ಪೂವಪ್ಪ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ ಕರೆಯುತ್ತಿದ್ದರು. ಅವನು ಬೇಸರ ಮಾಡಿಕೊಂಡದ್ದಿಲ್ಲ. ಇಷ್ಟು ತಗ್ಗಿ ನಡೆಯುವ, ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯನಿಗೆ ಎಂತಹ ಜಂಬ ಎಂದು ಹೊಸಬರು ಯಾರಾದರೂ ಕೇಳಿದರೆ, ಅವನು ಬಾಯಿಯ ಎಲೆಯಡಿಕೆ ಉಗುಳಿ ಬಂದು, ಕೂತು, ಕತೆಯನ್ನು ತಾನೇ ಹೇಳುತ್ತಿದ್ದ. ಅವನು ಉದ್ದಕ್ಕೆ ಮಾತಾಡುತ್ತಿದ್ದುದು ಅದೊಂದೇ ವಿಷಯದಲ್ಲಿ. ಹೇಳುವಾಗ ತನ್ನ ಮೇಲೆ ಸ್ವಲ್ಪವೂ ಕನಿಕರ ತೋರಿಸುತ್ತಿರಲಿಲ್ಲ.

ಅವನ ಕೆಲಸ ಮುರಕಲ್ಲು ಕಡಿಯುವುದು. ನಮ್ಮ ಕಡೆಯ ಗುಡ್ಡದಲ್ಲಿ ಒಂದು ಮೊಳ ಮಣ್ಣು ಎಳೆದು ಹಾಕಿದರೆ ಕೆಳಗೆ ಕೆಂಪಗೆ, ತೂತುತೂತಾಗಿ, ಅಲ್ಲಲ್ಲಿ ಹಳದಿ ಕಲೆಯಿರುವ ಕಲ್ಲು ಸಿಗುತ್ತದೆ. ನೆಲದೊಳಗೆ ಇರುವಷ್ಟು ದಿನ ಅದು ಮೆತ್ತಗೆ. ಕೊಡಲಿಯಿಂದ ಕೆತ್ತಬಹುದು. ಹೊರಗೆ ತೆಗೆದು ಗಾಳಿಗೆ ಬಿಸಿಲಿಗೆ ಇಟ್ಟರೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ತುಳುವಿನಲ್ಲಿ ಅದಕ್ಕೆ ಮುರ ಎನ್ನುತ್ತಾರೆ. ಊರಿನ ಮನೆಗಳ ಗೋಡೆ, ಬಾವಿಯ ಕಟ್ಟೆ, ದೈವದ ಗುಡಿಯ ತಳಪಾಯ ಎಲ್ಲ ಅದರದ್ದೇ. ಪೂವಪ್ಪ ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಬದಲಿಗೆ ಕಲ್ಲಿನ ಕೋರೆಗೆ ಇಳಿದವ, ಇಪ್ಪತ್ತೆರಡು ವರ್ಷ ಅದನ್ನೇ ಕಡಿದಿದ್ದ. ಅವನ ಮೈಗೂ ಕಲ್ಲಿಗೂ ಒಂದೇ ಬಣ್ಣ ಬಂದುಬಿಟ್ಟಿತ್ತು. ಮಧ್ಯಾಹ್ನ ಗಂಜಿ ತರುವ ಹೆಂಡತಿ ಕಿನ್ನಿ, "ನೀವು ಒಮ್ಮೆ ಕೆಮ್ಮಿ ಮಾರಾಯ್ರೆ, ಕಲ್ಲು ಯಾವುದು ಗಂಡ ಯಾವುದು ಗೊತ್ತಾಗಲಿ" ಎನ್ನುತ್ತಿದ್ದಳು.

ಕಲ್ಲಿನ ವಿಚಾರದಲ್ಲಿ ಅವನಿಗೆ ಜಂಬ ಇರಲಿಲ್ಲ. ಜಂಬ ಇದ್ದದ್ದು ಅಕ್ಷರದ ವಿಚಾರದಲ್ಲಿ.

ಹನ್ನೆರಡನೆಯ ವಯಸ್ಸಿಗೆ ಅವನನ್ನು ಶಾಲೆಗೆ ಸೇರಿಸಿದ್ದರು. ಆರು ವರ್ಷದ ಮಕ್ಕಳ ಜೊತೆ ಮೊದಲ ಸಾಲಿನಲ್ಲಿ ಕೂರಲು ಕಾಲು ಮಡಚಲಾಗದೆ ಹಿಂದಿನ ಗೋಡೆಗೆ ಒರಗಿ ಕೂತು ಎರಡು ವರ್ಷ ಕಲಿತ. ಒತ್ತಕ್ಷರದ ಪಾಠ ಶುರುವಾಗುವ ತಿಂಗಳು ಅಪ್ಪನ ಪಾದದ ಮೇಲೆ ಕೊಡಲಿ ಬಿತ್ತು, ಮಗ ಕೋರೆಗೆ ಬಂದ. ಹಾಗಾಗಿ ಅವನ ವಿದ್ಯೆ ಒತ್ತಕ್ಷರದ ಬಾಗಿಲಲ್ಲಿ ನಿಂತಿತ್ತು. ಆದರೂ ಊರಿನ ಆ ಮೂಲೆಯಲ್ಲಿ ಓದು ಬಲ್ಲವರು ಮೂರೇ ಜನ: ಶಾಲೆಯ ವೆಂಕಟಕೃಷ್ಣ ಮಾಸ್ಟ್ರು, ಶಾನುಭೋಗರು, ಮತ್ತೆ ಪೂವಪ್ಪ. ಈ ಪಟ್ಟಿಯನ್ನು ಮಾಡಿದ್ದು ಪೂವಪ್ಪನೇ.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯ ಆಟಿ ತಿಂಗಳ ಮಳೆಗೆ ಆ ಶಾಲೆ ಬಿತ್ತು. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಒಂದು ಭಾನುವಾರ ಯಾರಿಗೂ ತೊಂದರೆ ಕೊಡದೆ ಕುಸಿಯಿತು. ಮಾಸ್ಟ್ರು ಮಕ್ಕಳನ್ನು ಒಬ್ಬರ ಹಟ್ಟಿಯ ಪಕ್ಕದ ಚಾವಡಿಯಲ್ಲಿ ಕೂರಿಸಿ ಪಾಠ ಮಾಡಿದರು, ಶಾಲೆ ನಡೆಸುವ ಜಿಲ್ಲಾ ಬೋರ್ಡಿಗೆ ಅರ್ಜಿಯ ಮೇಲೆ ಅರ್ಜಿ ಬರೆದರು. ನವೆಂಬರ್ ಕೊನೆಗೆ ಬೋರ್ಡಿನವರು ಒಂದು ನೋಟೀಸು ಕಳಿಸಿದರು. ಅದು ಬರುವ ಹೊತ್ತಿಗೆ ಮಾಸ್ಟ್ರಿಗೆ ವಿಷಮಜ್ವರ ಹಿಡಿದು, ಅವರನ್ನು ಬೆಳ್ಳೂರಿನ ಮನೆಗೆ ಹೊತ್ತುಕೊಂಡು ಹೋಗಿದ್ದರು. ಶಾನುಭೋಗರು ಯಾವುದೋ ವ್ಯಾಜ್ಯಕ್ಕೆ ಪುತ್ತೂರಿಗೆ ಹೋಗಿದ್ದರು. ನೋಟೀಸನ್ನು ಅಂಚೆಯವ ಬಿದ್ದ ಶಾಲೆಯ ಉಳಿದ ಕಂಬಕ್ಕೆ ಅಂಟಿಸಿ ಹೋದ.

ಪೂವಪ್ಪನ ಮಗಳು ಲೋಲಾಕ್ಷಿ ಆಗ ಎರಡನೇ ಕ್ಲಾಸು. ಅವಳು ಮೂರಕ್ಕೆ ಹೋಗಬೇಕು, ಒತ್ತಕ್ಷರ ದಾಟಬೇಕು ಎಂಬುದು ಅವನ ಮನಸ್ಸಿನಲ್ಲಿದ್ದ ಒಂದೇ ಹರಕೆ. ಆದ್ದರಿಂದ ನೋಟೀಸು ಬಂದ ಸುದ್ದಿ ಕೇಳಿದ ಕೂಡಲೇ ಕೊಡಲಿ ಕೋರೆಯಲ್ಲೇ ಬಿಟ್ಟು ಓಡಿದ. ಜೊತೆಗೆ ಕಲ್ಲು ಕಡಿಯುವ ಬಟ್ಯನೂ ಬಂದ. ಬಟ್ಯನಿಗೆ ಅಕ್ಷರ ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

"ಎಂತ ಬರೆದಿದ್ದಾರೆ ಪೂವಪ್ಪಣ್ಣ?"

"ತಡಿ ಮಾರಾಯ. ಓದ್ಲಿಕ್ಕೆ ಬಿಡು."

ಅವನು ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ಕೇಳಿ ಗೊತ್ತಿದ್ದ ಶಬ್ದವನ್ನು ಊಹಿಸಿಕೊಂಡು ಓದಿದ. ಶಾಲೆಯ ಕಟ್ಟೋಣಕ್ಕೆ ಸ್ಥಳೀಯ ಜಂಬಿಟ್ಟಿಗೆಯನ್ನು ಒದಗಿಸಬಲ್ಲವರು ಒಂದು ಮಾದರಿಯೊಡನೆ ಡಿಸೆಂಬರ್ ಹತ್ತನೇ ತಾರೀಕು ಶನಿವಾರ ಸಂಜೆ ಐದು ಗಂಟೆಯ ಒಳಗೆ ಕಾಸರಗೋಡಿನಲ್ಲಿ ಓವರ್‌ಸಿಯರರ ಮುಂದೆ ಹಾಜರಾಗಬೇಕು; ಯಾರೂ ಬಾರದಿದ್ದರೆ ಈ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಕುಂಬಳೆಯ ಶಾಲೆಗೆ ಸೇರಿಸಲಾಗುವುದು. 'ಸ್ಥಳೀಯ' ಎಂಬ ಶಬ್ದದಲ್ಲಿ ಮೊದಲಿಗೇ ಒತ್ತಕ್ಷರ ಇತ್ತು. ಅದನ್ನು ಅವನು ತೋಡು ದಾಟುವ ಹಾಗೆ ಒಂದೇ ಹಾರಿಗೆ ದಾಟಿದ. ಆ ಒಂದು ಶಬ್ದ ಓದಿದ್ದರೆ ಈ ಕತೆಯೇ ಇಲ್ಲ ಎಂದು ಮುಂದೆ ಹೇಳುತ್ತಿದ್ದ.

'ಜಂಬಿಟ್ಟಿಗೆ' ಎಂಬಲ್ಲಿ ಮಾತ್ರ ನಿಂತ. ಹಾರಲು ಆಗಲಿಲ್ಲ, ಉದ್ದ ಜಾಸ್ತಿ.

"ಜಂ... ಬಿ... ಇಟ್ಟಿಗೆ" ಎಂದ. "ಇಟ್ಟಿಗೆ ಬೇಕಂತೆ."

"ಇಟ್ಟಿಗೆಯಾ? ನಮ್ಮ ಊರಿಗಾ?" ಬಟ್ಯ ಸುತ್ತಲಿನ ಗುಡ್ಡವನ್ನೆಲ್ಲ ನೋಡಿದ. "ಈ ಮುರ ಎಲ್ಲ ಎಂತ ನಾಯಿಗೆ ಎಸೀಲಿಕ್ಕಾ?"

"ಬರೀ ಇಟ್ಟಿಗೆ ಅಲ್ಲ. ಜಂಬ ಇಟ್ಟಿಗೆ."

"ಅದೆಂತ ಜಂಬ ಇಟ್ಟಿಗೆ?"

ಇಲ್ಲಿ ಪೂವಪ್ಪ ಗೊತ್ತಿಲ್ಲ ಎನ್ನಬಹುದಿತ್ತು. ಬಟ್ಯನ ಜಾಗದಲ್ಲಿದ್ದರೆ, ಅಂದರೆ ಒಂದಕ್ಷರವೂ ಬರದವನಾಗಿದ್ದರೆ, ಯಾರನ್ನಾದರೂ ಕೇಳುತ್ತಿದ್ದ. ಎರಡು ವರ್ಷ ಕಲಿತವ ಕೇಳುವುದು ಹೇಗೆ? ಅವನು ಸ್ವಲ್ಪ ಯೋಚಿಸಿ ಅರ್ಥ ಹೇಳಿದ.

"ಜಂಬ ಅಂದ್ರೆ ಜಂಬವೇ. ದೊಡ್ಡಸ್ತಿಕೆಯ ಇಟ್ಟಿಗೆ. ದೊರೆಗಳ ಬಂಗ್ಲೆಗೆ ಹಾಕ್ತಾರಲ್ಲ, ಮಂಗಳೂರಲ್ಲಿ ಸುಡುವಂಥದ್ದು. ಬೋರ್ಡಿನವರಿಗೆ ನಮ್ಮ ಕಲ್ಲು ಕಣ್ಣಿಗೆ ಹಿಡಿಸ್ಲಿಕ್ಕಿಲ್ಲ."

"ಹಾಗಾದ್ರೆ ನಮ್ಮ ಕಲ್ಲು ಬೇಡ. ಶಾಲೆಯೂ ಬೇಡ. ನಡಿ."

ಪೂವಪ್ಪ ನಡೆಯಲಿಲ್ಲ. ಕಂಬದ ಬುಡದಲ್ಲಿ ಕೂತುಬಿಟ್ಟ. ಅವನಿಗೆ ಎರಡು ಕಡೆಯಿಂದ ನೋವಾಗಿತ್ತು. ಕಲ್ಲಿನ ಗುಡ್ಡದ ಮೇಲೆ ಇಟ್ಟಿಗೆ ಕೇಳುತ್ತಾರಲ್ಲ ಎಂಬುದು ಒಂದು. ಕುಂಬಳೆ ಎಂದರೆ ಎರಡು ಗಂಟೆಯ ನಡಿಗೆ, ಮಧ್ಯೆ ಹೊಳೆ, ಮಳೆಗಾಲದಲ್ಲಿ ದೋಣಿಯೂ ಇಲ್ಲ, ಎಂಟು ವರ್ಷದ ಹೆಣ್ಣನ್ನು ಕಿನ್ನಿ ಅಂಗಳ ದಾಟಿಸುವುದಿಲ್ಲ ಎಂಬುದು ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಎರಡನೆಯ ನೋವು ಮೊದಲನೆಯದನ್ನು ನುಂಗಿತು.

"ಇಟ್ಟಿಗೆ ಆದ್ರೆ ಇಟ್ಟಿಗೆ" ಎಂದ. "ಗೋಡೆ ಎದ್ರೆ ಸಾಕು. ನಾನು ತಂದು ತೋರಿಸ್ತೇನೆ."

"ಕಲ್ಲು ಕಡಿಯುವವ ಇಟ್ಟಿಗೆ ಹೊರುವುದಾ? ನಿನ್ನ ಅಪ್ಪ ಇದ್ದಿದ್ರೆ ಕೊಡಲಿ ತಗೊಂಡು ಬರ್ತಿದ್ರು."

"ಅಪ್ಪನಿಗೆ ಓದ್ಲಿಕ್ಕೆ ಬರ್ತಿರಲಿಲ್ಲ" ಎಂದ ಪೂವಪ್ಪ ಗಂಭೀರವಾಗಿ.

ಒಂಬತ್ತನೇ ತಾರೀಕು ಶುಕ್ರವಾರ ನಸುಕಿಗೇ ಎದ್ದು ಕುಂಬಳೆಗೆ ನಡೆದು ರೈಲು ಹಿಡಿದ. ಮಂಗಳೂರಿನಲ್ಲಿ ಇಳಿದು ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಗೆ ಹೋದ. ಅಲ್ಲಿ ಆವೆಮಣ್ಣನ್ನು ಕಲಸಿ, ಅಚ್ಚಿಗೆ ಹಾಕಿ, ಒತ್ತಿ, ಗೂಡಿನಲ್ಲಿ ಇಟ್ಟು ಸುಡುವುದನ್ನು ನೋಡಿ ನಿಂತ. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದು ಕೊನೆಗೆ ತನ್ನ ಕೋರೆಯಲ್ಲಿ ಸುಮ್ಮನೆ ಬಿದ್ದಿರುವ ಬಣ್ಣಕ್ಕೇ ಬಂತಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟ. ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿದ್ದರೆ ಅಲ್ಲಿಂದಲೇ ತಿರುಗಬಹುದಿತ್ತು.

ಮೇಜಿನ ಹಿಂದೆ ಕೂತಿದ್ದ ಗುಮಾಸ್ತರನ್ನು ಕೇಳಿದ, "ಸ್ವಾಮಿ, ಜಂಬ ಇಟ್ಟಿಗೆ ಉಂಟಾ?"

"ಎಂತ ಇಟ್ಟಿಗೆ?"

"ಜಂಬ."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಇಟ್ಟಿಗೆ ಉಂಟು. ಜಂಬ ನೀವೇ ಹಾಕ್ಕೊಳ್ಳಬೇಕು."

ಸುತ್ತಲಿದ್ದವರು ನಕ್ಕರು. ಪೂವಪ್ಪನೂ ನಕ್ಕ, ಪಟ್ಟಣದಲ್ಲಿ ನಗದಿದ್ದರೆ ಹಳ್ಳಿಯವ ಎಂದು ಗೊತ್ತಾಗುತ್ತದೆ ಎಂದು ಅವನ ಲೆಕ್ಕ. ಕೊನೆಗೆ ರಾಶಿಯಲ್ಲಿ ಎಲ್ಲಕ್ಕಿಂತ ಕೆಂಪಾದ, ಮೂಲೆ ಮುಕ್ಕಾಗದ, ನೋಡಲು ಸ್ವಲ್ಪ ಸೊಕ್ಕಿನದ್ದಾಗಿ ಕಂಡ ಒಂದು ಇಟ್ಟಿಗೆಯನ್ನು ಆರಿಸಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಬಂದ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಎದುರಿಗೆ ಕೂತ ಹೆಂಗಸೊಬ್ಬಳು ಸುತ್ತಿದ ಬಟ್ಟೆ ನೋಡಿ, "ಮಗು ಎಷ್ಟು ತಿಂಗಳಿದ್ದು? ಉಸಿರಾಡ್ಲಿಕ್ಕೆ ಸ್ವಲ್ಪ ಬಿಡಿ ಅಣ್ಣ" ಎಂದಳು. ಅವನು ಅದಕ್ಕೂ ತಲೆಯಾಡಿಸಿದ.

ಮನೆಗೆ ಬಂದಾಗ ಕಿನ್ನಿ ಬಟ್ಟೆ ಬಿಡಿಸಿ ನೋಡಿದಳು. ಎತ್ತಿದಳು, ಕೆಳಗಿಟ್ಟಳು, ಮತ್ತೆ ಎತ್ತಿದಳು.

"ಇದಕ್ಕೆ ಮಂಗಳೂರಿಗೆ ಹೋದದ್ದಾ?"

"ಹೌದು."

"ಇದು ನಮ್ಮ ಕಲ್ಲಿನ ಕಾಲು ಭಾಗ ಇಲ್ಲ. ಶಾಲೆ ಕಟ್ಲಿಕ್ಕೆ ಹೀಗಿನದ್ದು ಎಷ್ಟು ಬೇಕು? ನೀವು ಒಂದೊಂದೇ ತೊಡೆ ಮೇಲಿಟ್ಟು ತರ್ತೀರಾ?"

"ರೈಲಲ್ಲಿ ಬರ್ತದೆ. ವ್ಯಾಗನಲ್ಲಿ."

"ಕುಂಬಳೆಗೆ. ಅಲ್ಲಿಂದ?"

ಅಲ್ಲಿಂದ ಹೇಗೆ ಎಂದು ಅವನು ಯೋಚಿಸಿರಲಿಲ್ಲ. ಕಿನ್ನಿ ಅವನ ಮುಖ ನೋಡಿ ಮುಂದೆ ಕೇಳಲಿಲ್ಲ. ಲೋಲಾಕ್ಷಿ ಇಟ್ಟಿಗೆಯ ಮೇಲೆ ಕಾರ್ಖಾನೆಯ ಅಚ್ಚಿನ ಅಕ್ಷರಗಳನ್ನು ಓದಲು ಕೂತಿದ್ದಳು. ಅವು ಇಂಗ್ಲಿಷ್ ಆದ್ದರಿಂದ ಅವಳಿಗೂ ಬರಲಿಲ್ಲ. ಅಪ್ಪನಿಗೆ ಬರುತ್ತದೆಯೇ ಎಂದು ತಿರುಗಿ ನೋಡಿದಳು. ಅಪ್ಪ ಕೈಕಾಲು ತೊಳೆಯಲು ಎದ್ದು ಹೋದ.

ಮರುದಿನ ಶನಿವಾರ. ಕಾಸರಗೋಡಿಗೆ ತಲುಪಿ, ಕಚೇರಿ ಹುಡುಕಿ, ಜಗಲಿಯಲ್ಲಿ ಕಾದು ಒಳಗೆ ಹೋಗುವಾಗ ಮೂರೂವರೆ ದಾಟಿತ್ತು. ಓವರ್‌ಸಿಯರ್ ಈಶ್ವರಪ್ರಸಾದರು ಘಟ್ಟದ ಮೇಲಿನವರು, ಬಂದು ವರ್ಷವೂ ಆಗಿರಲಿಲ್ಲ. ತೆಳ್ಳಗೆ, ಕನ್ನಡಕ, ಶರ್ಟಿನ ಎಲ್ಲ ಗುಂಡಿಯೂ ಹಾಕಿದ ಮನುಷ್ಯ. ಅವರ ಹಿಂದೆ ಬಾಗಿಲ ಬಳಿ ಜವಾನ ಕುಂಞಂಬು ನಿಂತಿದ್ದ, ನೀಲೇಶ್ವರದ ಕಡೆಯ ಮಲಯಾಳಿ.

"ಪುತ್ತಿಗೆ ಶಾಲೆಯ ಬಗ್ಗೆ ಬಂದದ್ದು ಸ್ವಾಮಿ."

"ಬಾ ಬಾ. ಯಾರೂ ಬರಲ್ಲ ಅಂದ್ಕೊಂಡಿದ್ದೆ. ಮಾದರಿ ತಂದಿದ್ದೀಯಾ?"

ಪೂವಪ್ಪ ಬೈರಾಸು ಬಿಡಿಸಿ ಇಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟ. ಇಟ್ಟು, ಅಚ್ಚಿನ ಅಕ್ಷರ ಅವರ ಕಡೆಗೆ ಬರುವಂತೆ ತಿರುಗಿಸಿದ.

ಓವರ್‌ಸಿಯರರು ಇಟ್ಟಿಗೆ ನೋಡಿದರು. ಪೂವಪ್ಪನನ್ನು ನೋಡಿದರು.

"ಏನಪ್ಪಾ ಇದು?"

"ಇಟ್ಟಿಗೆ ಸ್ವಾಮಿ."

"ಅದು ಕಾಣಿಸ್ತದೆ. ನಾನು ಕೇಳಿದ್ದು ಜಂಬಿಟ್ಟಿಗೆ."

"ಅಲ್ಲಿದ್ದದ್ರಲ್ಲಿ ಇದೇ ಹೆಚ್ಚು ಜಂಬದ್ದು. ನಾನೇ ಆರಿಸಿದ್ದು."

ಓವರ್‌ಸಿಯರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. "ನೀನು ಏನು ಕೆಲಸ ಮಾಡ್ತೀಯಪ್ಪ?"

"ಕಲ್ಲು ಕಡಿಯುವುದು. ಮುರಕಲ್ಲು."

"ಮುರಕಲ್ಲು ಅಂದ್ರೆ?"

ಅವನಿಗೆ ಹೇಳಲು ಬರಲಿಲ್ಲ. ಮುರ ಎಂದರೆ ಮುರ. ಸುತ್ತ ಕಣ್ಣಾಡಿಸಿ, ಎದ್ದು ಹೋಗಿ, ಕಚೇರಿಯ ಗಾರೆ ಉದುರಿದ ಗೋಡೆಗೆ ಕೈಯಿಟ್ಟು, "ಇದು" ಎಂದ.

"ಅದೇ ಕಣಪ್ಪಾ ಜಂಬಿಟ್ಟಿಗೆ" ಎಂದರು ಓವರ್‌ಸಿಯರರು.

ಪೂವಪ್ಪನ ಕೈ ಗೋಡೆಯ ಮೇಲೇ ಉಳಿಯಿತು. ಈ ಜಾಗದಲ್ಲಿ ಕತೆ ಹೇಳುವಾಗ ಅವನು ಯಾವಾಗಲೂ ಸ್ವಲ್ಪ ನಿಲ್ಲಿಸುತ್ತಿದ್ದ. ಇಪ್ಪತ್ತೆರಡು ವರ್ಷ ಕಡಿದ ಕಲ್ಲನ್ನು ಹುಡುಕಿಕೊಂಡು ರೈಲು ಹತ್ತಿ ಹೋದವ ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ಆಗ ತೋರಿತಂತೆ. ಕುಂಞಂಬು ಬಾಯಿಗೆ ಕೈ ಅಡ್ಡ ಹಿಡಿದು ಹೆಗಲು ಕುಣಿಸುತ್ತಿದ್ದ.

"ಇದಕ್ಕೆ ಇಟ್ಟಿಗೆ ಅಂತ ಯಾಕೆ ಹೇಳ್ತೀರಿ ಸ್ವಾಮಿ? ಇದು ಕಲ್ಲಲ್ಲವಾ? ನೆಲದಲ್ಲಿ ಹುಟ್ಟಿದ್ದು."

"ನಾನು ಹೇಳಿದ್ದಲ್ಲಪ್ಪ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನೋದು. ಇಟ್ಟಿಗೆ ಹಾಗೆ ಚೌಕವಾಗಿ ಕಡೀಬಹುದು, ಇಟ್ಟಿಗೆ ಹಾಗೆ ಕೆಂಪು, ಹೊರಗಿಟ್ರೆ ಸುಟ್ಟ ಹಾಗೆ ಗಟ್ಟಿಯಾಗ್ತದೆ. ಅದಕ್ಕೆ."

"ಮತ್ತೆ ಜಂಬ?"

"ಜಂಬು ಅಂದ್ರೆ ಏನೋ ನಂಗೂ ಸರಿಯಾಗಿ ಗೊತ್ತಿಲ್ಲ. ನೇರಳೆ ಹಣ್ಣಿನ ಬಣ್ಣ ಅಂತ ಕೆಲವರು ಹೇಳ್ತಾರೆ. ನಿನ್ನ ಜಂಬ ಅಂತೂ ಅಲ್ಲ."

ಕುಂಞಂಬುವಿಗೆ ತಡೆಯಲಾಗಲಿಲ್ಲ. "ನಮ್ಮಲ್ಲಿ ಅದಕ್ಕೆ ವೆಟ್ಟುಕಲ್ಲ್ ಅಂತ ಹೇಳುವುದು ಸಾರ್. ವೆಟ್ಟುವುದು ಅಂದ್ರೆ ಕಡಿಯುವುದು. ಕಡಿಯುವ ಕಲ್ಲು. ಚೆಂಗಲ್ಲ್ ಅಂತಲೂ ಉಂಟು, ಕೆಂಪು ಕಲ್ಲು. ಹಾಗೆ ಬರೆದಿದ್ರೆ ಇವ ಪಾಪ ಮಂಗಳೂರಿಗೆ ಹೋಗ್ತಿರಲಿಲ್ಲ."

"ಸರ್ಕಾರಿ ಕಾಗದದಲ್ಲಿ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಇರ್ತದೆ" ಎಂದರು ಓವರ್‌ಸಿಯರರು. ಅವರಿಗೂ ಈಗ ಮಾತಿನ ಹುರುಪು ಬಂದಿತ್ತು. ಆ ಕಚೇರಿಯಲ್ಲಿ ಯಾರೂ ಶಬ್ದದ ಅರ್ಥ ಕೇಳಿದ್ದಿರಲಿಲ್ಲ. "ಅದನ್ನು ನಾನು ಕನ್ನಡಕ್ಕೆ ಮಾಡಿದ್ದು. ಆ ಇಂಗ್ಲಿಷ್ ಹೆಸರೂ ಇಲ್ಲೇ ಹುಟ್ಟಿದ್ದು, ಗೊತ್ತೇನು? ನೂರಮೂವತ್ತು ವರ್ಷದ ಹಿಂದೆ ಒಬ್ಬ ದೊರೆ ಮಲಬಾರಿನಲ್ಲಿ ತಿರುಗಾಡುವಾಗ ಜನ ಈ ಕಲ್ಲು ಕಡಿಯೋದು ನೋಡಿದ. ಇದಕ್ಕೇನಂತೀರಿ ಅಂತ ಕೇಳಿದ. ಅವರು ಇಟ್ಟಿಗೆ ಕಲ್ಲು ಅಂದ್ರು, ಅವರ ಭಾಷೆಯಲ್ಲಿ. ಅವನು ಊರಿಗೆ ಹೋಗಿ ಪುಸ್ತಕ ಬರೀವಾಗ ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ಲ್ಯಾಟರೈಟ್ ಅಂತ ಇಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಈಗ ಆಫ್ರಿಕಾದಲ್ಲಿ ಸಿಕ್ಕಿದ್ರೂ ಇದೇ ಹೆಸರು."

"ಅಂದ್ರೆ ನಮ್ಮ ಹಾಗಿನ ಕಲ್ಲು ಕಡಿಯುವವನೇ ಹೇಳಿದ್ದಾ?"

"ಹೌದು. ನಿನ್ನ ಹಾಗಿನವನೇ."

"ಅವ ದೊರೆಯ ಹತ್ರ ಹೇಳಿದ. ನನ್ನ ಹತ್ರ ಯಾರೂ ಹೇಳ್ಲಿಲ್ಲ" ಎಂದ ಪೂವಪ್ಪ.

ಓವರ್‌ಸಿಯರರು ನಕ್ಕರು. ನಕ್ಕು ಗಡಿಯಾರ ನೋಡಿದರು, ನಗು ನಿಂತಿತು. "ಈಗ ನಾಲ್ಕಾಯ್ತು. ನಿನ್ನ ಕೋರೆಯ ಕಲ್ಲು ಒಂದು ಐದು ಗಂಟೆಯೊಳಗೆ ತರ್ತೀಯಾ?"

ಪುತ್ತಿಗೆಗೆ ಹೋಗಿ ಬರುವುದೆಂದರೆ ಏನಿದ್ದರೂ ನಾಳೆ ಮಧ್ಯಾಹ್ನ. ಪೂವಪ್ಪ ಆಗುವುದಿಲ್ಲ ಎಂದು ತಲೆಯಾಡಿಸಿದ.

"ಹಾಗಾದ್ರೆ ನಾನೇನು ಮಾಡ್ಲಿ? ಇವತ್ತು ಐದಕ್ಕೆ ರಿಜಿಸ್ಟರಿನಲ್ಲಿ ಮಾದರಿ ಬಂತು ಅಂತ ಬರೆದ್ರೆ ಮಂಗಳವಾರ ಎಂಜಿನಿಯರು ನಿಮ್ಮ ಊರಿಗೆ ಬಂದು ನೋಡ್ತಾರೆ. ಬರೀಲಿಲ್ಲ ಅಂದ್ರೆ ಶಾಲೆ ಕುಂಬಳೆಗೆ ಸೇರ್ತದೆ. ಬೋರ್ಡಿನ ಠರಾವು. ನನ್ನ ಕೈಯಲ್ಲಿಲ್ಲ."

"ಈ ಗೋಡೆಯ ಒಂದು ತುಂಡು..." ಎಂದ ಕುಂಞಂಬು.

"ಸರ್ಕಾರಿ ಗೋಡೆ ಒಡೆದು ಮಾದರಿ ಕೊಡೋದಾ? ಸುಮ್ಮನಿರು."

ಪೂವಪ್ಪ ಇಟ್ಟಿಗೆಯನ್ನು ನೋಡುತ್ತ ನಿಂತ. ಅದು ಮೇಜಿನ ಮೇಲೆ ಅಚ್ಚಿನ ಅಕ್ಷರ ತೋರಿಸಿಕೊಂಡು ಕೂತಿತ್ತು. ಲೋಲಾಕ್ಷಿ ನಾಳೆಯಿಂದ ಕಿನ್ನಿಯ ಜೊತೆ ಸೊಪ್ಪಿಗೆ ಹೋಗುತ್ತಾಳೆ, ಕೆಲವು ವರ್ಷದಲ್ಲಿ ಯಾರದೋ ಮನೆ ಸೇರುತ್ತಾಳೆ, ಮುಂದೆ ಒಂದು ನೋಟೀಸು ಬಂದರೆ ಅವಳೂ ಅಪ್ಪನ ಹಾಗೆ ಅರ್ಧ ಓದಿ ಅರ್ಧ ಹಾರುತ್ತಾಳೆ. ಅವನಿಗೆ ಕಣ್ಣು ಮಂಜಾಯಿತು. ಬೈರಾಸು ಎತ್ತಿಕೊಂಡ. ಆದರೆ ಬಾಗಿಲವರೆಗೆ ಹೋದವ ನಿಂತ.

"ಸ್ವಾಮಿ, ಒಂದು ಮಾತು."

"ಹೇಳು."

"ನಿಮ್ಮ ಕನ್ನಡದಲ್ಲಿ ಈ ಕಲ್ಲಿಗೆ ಇಟ್ಟಿಗೆ ಅಂತ ಉಂಟು."

"ಹೌದು."

"ಮಲಬಾರಿನವರು ಇಟ್ಟಿಗೆ ಅಂದ್ರು. ಇಂಗ್ಲಿಷಿನವರೂ ಇಟ್ಟಿಗೆ ಅಂದ್ರು. ಆ ಲ್ಯಾಟಿನವರೂ."

"ಹೌದಪ್ಪ."

"ನಾಲ್ಕು ಭಾಷೆಯವರು ಕಲ್ಲಿಗೆ ಇಟ್ಟಿಗೆ ಅಂತ ಬರೆಯಬಹುದು. ನಾನು ಇಟ್ಟಿಗೆಯನ್ನೇ ತಂದ್ರೆ ತಪ್ಪು." ಅವನು ವಾದ ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಓದಿದವರಿಗೇ ಹೀಗೆ ಆದ್ರೆ ನಾನು ಎರಡನೇ ಕ್ಲಾಸಿನವ, ಎಂತ ಮಾಡುವುದು?"

ಈಶ್ವರಪ್ರಸಾದರು ರಿಜಿಸ್ಟರು ಎಳೆದುಕೊಂಡರು. ಹಾಳೆ ತಿರುಗಿಸಿದರು. ಪೆನ್ನು ಹಿಡಿದು ತುಂಬ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು, ಅದನ್ನು ಕನ್ನಡದಲ್ಲಿ ಓದಿ ಹೇಳಿದರು: "ಪುತ್ತಿಗೆಯ ಪೂವಪ್ಪ, ಲ್ಯಾಟರೈಟಿನ ಮಾದರಿಯ ಸಂಬಂಧ ಹಾಜರು. ಒಂದು ಇಟ್ಟಿಗೆ ಒಪ್ಪಿಸಿದ. ಕೋರೆಯ ಕಲ್ಲನ್ನು ಎಂಜಿನಿಯರು ಸ್ಥಳದಲ್ಲೇ ನೋಡತಕ್ಕದ್ದು."

"ಇದರಲ್ಲಿ ಸುಳ್ಳು ಒಂದೂ ಇಲ್ಲ" ಎಂದರು, ಪೂವಪ್ಪನಿಗಿಂತ ಹೆಚ್ಚಾಗಿ ತಮಗೆ ತಾವೇ ಹೇಳಿಕೊಂಡ ಹಾಗೆ. "ಎಂಜಿನಿಯರು ಇಟ್ಟಿಗೆ ಯಾಕೆ ಅಂತ ಕೇಳಿದ್ರೆ ನಾನು ಈ ಹೆಸರಿನ ಕತೆ ಪೂರ್ತಿ ಹೇಳ್ತೇನೆ. ಆದ್ರೆ ಕಲ್ಲು ಚೆನ್ನಾಗಿಲ್ಲದಿದ್ರೆ ನಿನ್ನ ಶಾಲೆಯನ್ನು ಯಾವ ಭಾಷೆಯೂ ಉಳಿಸಲ್ಲ, ನೆನಪಿರ್ಲಿ."

"ಕಲ್ಲು ಒಳ್ಳೆದುಂಟು" ಎಂದ ಪೂವಪ್ಪ. ಆ ದಿನ ಅವನು ಹೆದರದೆ ಹೇಳಿದ ಮಾತು ಅದೊಂದೇ.

ಮನೆಗೆ ಬಂದಾಗ ಕಿನ್ನಿ ಅಂಗಳದಲ್ಲಿ ಕಾಯುತ್ತಿದ್ದಳು. ಬಟ್ಯನೂ ಇದ್ದ.

"ಶಾಲೆ ಉಂಟಾ ಇಲ್ಲವಾ?"

"ಮಂಗಳವಾರ ಗೊತ್ತಾಗ್ತದೆ. ಎಂಜಿನಿಯರು ಕಲ್ಲು ನೋಡ್ಲಿಕ್ಕೆ ಬರ್ತಾರೆ."

"ಯಾವ ಕಲ್ಲು?"

ಅವನು ಕಾಲು ತೊಳೆಯಲು ತಿರುಗುತ್ತ, "ಮುರ" ಎಂದ.

ಬಟ್ಯನಿಗೆ ಅರ್ಥವಾಗಲು ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಹಿಡಿಯಿತು. ಆಮೇಲೆ ನೆಲದ ಮೇಲೆ ಕೂತು ನಕ್ಕ, ಕಣ್ಣೊರೆಸಿಕೊಂಡು ನಕ್ಕ. "ಜಂಬ ಅಂದ್ರೆ ಜಂಬವೇ ಅಂತ ಹೇಳಿದ್ದಲ್ಲ ಪೂವಪ್ಪಣ್ಣ ನೀನು. ಸರಿಯಾಗಿಯೇ ಓದಿದ್ದು. ಕಾಗದದಲ್ಲಿ ನಿನ್ನ ಹೆಸರೇ ಇದ್ದದ್ದು." ಜಂಬದ ಪೂವಪ್ಪ ಎಂಬ ಹೆಸರು ಅಲ್ಲಿಂದ ಹುಟ್ಟಿತು. ಅದರ ಮೂಲದ ಬಗ್ಗೆ ಯಾವ ಭಾಷೆಯವರಿಗೂ ಸಂಶಯ ಇಲ್ಲ.

ಭಾನುವಾರ ಮತ್ತು ಸೋಮವಾರ ಪೂವಪ್ಪನೂ ಬಟ್ಯನೂ ಕೋರೆಯ ಹೊಸ ಮೂಲೆಯಲ್ಲಿ ಮಣ್ಣು ತೆಗೆದು, ಮಟ್ಟ ಮಾಡಿ, ಹಗ್ಗ ಹಿಡಿದು ಗೆರೆ ಹಾಕಿ, ಹನ್ನೆರಡು ಕಲ್ಲು ಕಡಿದರು. ಇಷ್ಟು ವರ್ಷದಲ್ಲಿ ಅವನು ಕಲ್ಲಿಗೆ ಅಷ್ಟು ಉಪಚಾರ ಮಾಡಿರಲಿಲ್ಲ. ಮೂಲೆ ಸರಿಯಿಲ್ಲ ಎಂದು ಎರಡನ್ನು ಬಿಸಾಡಿದ. ಬಟ್ಯ, "ಮದುಮಗಳನ್ನು ನೋಡ್ಲಿಕ್ಕೆ ಬರ್ತಾರೆ ಅಂತ ಹೇಳು, ಅರಿಶಿನ ಹಚ್ಚುವ" ಎಂದ. ಮಂಗಳವಾರ ಎಂಜಿನಿಯರು ಬಂದರು. ಈಶ್ವರಪ್ರಸಾದರೂ ಬಂದರು. ಎಂಜಿನಿಯರು ಮದರಾಸಿನವರು, ಅವರಿಗೆ ಕನ್ನಡ ಬರುತ್ತಿರಲಿಲ್ಲ, ತುಳುವಂತೂ ಇಲ್ಲ. ಹೊಸ ಕಲ್ಲನ್ನು ಉಗುರಿನಿಂದ ಕೆರೆದರು. ಹಳೆಯ ರಾಶಿಯಲ್ಲಿ ಮೂರು ಮಳೆ ಕಂಡ ಕಲ್ಲನ್ನು ಸುತ್ತಿಗೆಯಿಂದ ಬಡಿದರು, ಅದು ಬಾಗಿಲು ತಟ್ಟಿದ ಹಾಗೆ ಸದ್ದು ಕೊಟ್ಟಿತು. ಒಂದನ್ನು ನೀರಿನಲ್ಲಿ ಮುಳುಗಿಸಿ ಎತ್ತಿ ನೋಡಿದರು. ಮಾತಿನ ಮಧ್ಯೆ ಲ್ಯಾಟರೈಟ್ ಎಂದರು. ಓವರ್‌ಸಿಯರರು ಕನ್ನಡದಲ್ಲಿ ಹೇಳುವ ಮೊದಲೇ ಪೂವಪ್ಪ, "ಹೌದು ಹೌದು" ಎಂದು ತಲೆಯಾಡಿಸಿದ. ಎಂಜಿನಿಯರು ಆಶ್ಚರ್ಯದಿಂದ ಓವರ್‌ಸಿಯರರ ಮುಖ ನೋಡಿದರು. ಓವರ್‌ಸಿಯರರು ಕೆಮ್ಮಿದರು.

ಕಲ್ಲು ಒಪ್ಪಿಗೆಯಾಯಿತು. ಬಿದ್ದ ಶಾಲೆಯ ಜಾಗದಲ್ಲೇ ಹೊಸ ಶಾಲೆ ಎಂದು ಎಂಜಿನಿಯರು ಅಲ್ಲೇ ಹೇಳಿದರು. ಕಿನ್ನಿ ದೂರದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು, ಲೋಲಾಕ್ಷಿ ಅವಳ ಹಿಂದೆ.

ಒಪ್ಪಂದದ ಕಾಗದವನ್ನು ಒಂದು ಕಲ್ಲಿನ ಮೇಲೆ ಹರಡಿದರು. ಅದರಲ್ಲಿ ಎರಡು ಜಾಗ ಖಾಲಿ ಇತ್ತು. ಒಂದು, ಒದಗಿಸುವ ಸಾಮಾನು. ಇನ್ನೊಂದು, ರುಜು.

"ಇಲ್ಲಿ ಜಂಬಿಟ್ಟಿಗೆ ಅಂತ ಬರಿ" ಎಂದರು ಈಶ್ವರಪ್ರಸಾದರು. "ನಿನ್ನ ಕೈಯಿಂದಲೇ ಬರಿ. ಆಮೇಲೆ ನಂಗೆ ಗೊತ್ತಿರ್ಲಿಲ್ಲ ಅನ್ನಬಾರದು."

ಪೂವಪ್ಪ ಪೆನ್ನು ಹಿಡಿದ. ಕೊಡಲಿಗೆ ಒಗ್ಗಿದ ಕೈಗೆ ಪೆನ್ನು ಸಿಗುವುದೇ ಕಷ್ಟ, ಎರಡು ಸಲ ಜಾರಿತು. ಅವನು ಬರೆಯಲು ಬಲ್ಲ ಒತ್ತಕ್ಷರ ಲೋಕದಲ್ಲಿ ಒಂದೇ, ತನ್ನ ಹೆಸರಿನ ಕೊನೆಯದು. ಟ ಕ್ಕೆ ಟ ಒತ್ತು ಹೇಗೆ ಕೊಡುವುದು ಎಂದು ಅವನಿಗೆ ಗೊತ್ತಿರಲಿಲ್ಲ. ಹಾಳೆಯನ್ನು ನೋಡಿದ, ಓವರ್‌ಸಿಯರರನ್ನು ನೋಡಿದ, ಬೆವರಿದ. ಆಮೇಲೆ ನಿಧಾನವಾಗಿ, ಗೆರೆ ಹಾಕಿ ಕಲ್ಲು ಕಡಿಯುವ ಹಾಗೆ, ಎರಡೇ ಅಕ್ಷರ ಬರೆದ. ಮುರ.

"ಇದೇನು?" ಎಂದು ಎಂಜಿನಿಯರು ಇಂಗ್ಲಿಷಿನಲ್ಲಿ ಕೇಳಿದರು.

ಈಶ್ವರಪ್ರಸಾದರು ಬಗ್ಗಿ ನೋಡಿದರು. "ಲ್ಯಾಟರೈಟ್, ಸಾರ್" ಎಂದರು.

ಪೂವಪ್ಪ ಕೆಳಗೆ ತನ್ನ ಹೆಸರು ಬರೆದ, ಒತ್ತಕ್ಷರ ಸಮೇತ. ಬರೆದು, ಪೆನ್ನನ್ನು ಎರಡು ಕೈಯಿಂದ ಹಿಂದಕ್ಕೆ ಕೊಟ್ಟು, ಮಗಳು ನೋಡಿದಳೇ ಎಂದು ತಿರುಗಿದ.